ಹಾಜರಿ ತಂತ್ರಾಂಶದಲ್ಲಿ ಸೇವಾವಧಿಯ ಲೆಕ್ಕ: ಮಿಲ್ಲು ಮತ್ತು ಬನಿಯನ್ ಕಂಪನಿಗಳಿಗೆ ಹೋಗುವ ನಮ್ಮ ಕುಟುಂಬಗಳಿಗೆ ಮಾಹಿತಿ

ಸಿರುಮುಗೈಯ ದೇವಾಂಗ ಮನೆಗಳಲ್ಲಿ ದುಡಿಮೆಯ ಲೆಕ್ಕವೆಂದರೆ ಬಹುಕಾಲ ಸೀರೆಯ ಲೆಕ್ಕವೇ ಆಗಿತ್ತು. ಮಗ್ಗದಿಂದ ಎಷ್ಟು ಸೀರೆ ಇಳಿಯಿತು, ಅದಕ್ಕೆ ಸಂಘದಿಂದಲೋ ಯಜಮಾನರಿಂದಲೋ ಎಷ್ಟು ಕೂಲಿ ಬಂತು ಎಂಬುದಷ್ಟೇ ಮುಖ್ಯ. ನೇಕಾರನು ಆ ತಿಂಗಳಲ್ಲಿ ಎಷ್ಟು ದಿನ ಕುಳಿಯಲ್ಲಿ ಕಾಲಿಟ್ಟನೆಂದು ಯಾರೂ ಕೇಳುತ್ತಿರಲಿಲ್ಲ. ಆ ಮನೆಗಳ ಮಕ್ಕಳಲ್ಲಿ ಹಲವರು ಇಂದು ಮಗ್ಗ ಬಿಟ್ಟು ಕೊಯಮತ್ತೂರಿನ ನೂಲಿನ ಗಿರಣಿಗಳಿಗೂ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೂ ಹೋಗುತ್ತಿದ್ದಾರೆ. ಸತ್ಯಮಂಗಲ, ತಾಳವಾಡಿ ಕಡೆಯ ಕನ್ನಡ ಮನೆಗಳಿಂದಲೂ ಜನ ಅಲ್ಲಿಗೆ ಇಳಿಯುತ್ತಾರೆ. ಅಲ್ಲಿ ಎಲ್ಲವೂ ದಿನದ ಲೆಕ್ಕ. ದಿನಗಳನ್ನು ಎಣಿಸುವುದು ಬಾಗಿಲ ಬಳಿಯ ಬೆರಳಚ್ಚು ಯಂತ್ರ. ಎಣಿಸಿದ ದಿನಗಳಿಗೆ ಅರ್ಥ ಕೊಡುವುದು ಟೈಮ್ ಆಫೀಸಿನ ಕಂಪ್ಯೂಟರಿನಲ್ಲಿರುವ ತಂತ್ರಾಂಶ.

ಆ ತಂತ್ರಾಂಶದಲ್ಲಿ ನಾಲ್ಕೈದು ಆಯ್ಕೆಗಳನ್ನು ಯಾರೋ ಒಬ್ಬರು ಒಂದು ದಿನ ತುಂಬಿರುತ್ತಾರೆ. ಕಾರ್ಮಿಕನಿಗೆ ರಜೆ ಎಷ್ಟು, ಬೋನಸ್ ಉಂಟೆ, ಕೆಲಸ ಬಿಡುವಾಗ ಗ್ರಾಚ್ಯುಟಿ (ಉಪದಾನ) ಸಿಗುವುದೆ, ಕಾಯಂ ಆಗುವನೆ ಎಂಬುದೆಲ್ಲ ಆ ಆಯ್ಕೆಗಳನ್ನು ಅವಲಂಬಿಸಿರುತ್ತದೆ. ದುಡಿಯುವ ಪೋಷಕರಿಗಾಗಿ ಈ ಲೇಖನ. ನಮ್ಮ ಶಾಲೆಗಳಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಅದೇ ಟೈಮ್ ಆಫೀಸುಗಳಲ್ಲಿ ಕೀಲಿಮಣೆಯ ಮುಂದೆ ಕುಳಿತಿರುವ ಮಕ್ಕಳಿಗಾಗಿಯೂ ಹೌದು. ನಾನು ವಕೀಲನಲ್ಲ, ಶಿಕ್ಷಕ. ಪೋಷಕರ ಸಭೆಗಳಲ್ಲಿ ಸಂಬಳದ ಚೀಟಿ ಹಿಡಿದು ಬಂದವರಿಗೆ ಉತ್ತರ ಹುಡುಕುತ್ತಾ ಕಲಿತದ್ದು ಇಷ್ಟು.

ಜ್ಯೇಷ್ಠತೆ ಬೇರೆ, ಸೇವಾವಧಿ ಬೇರೆ

ನಮ್ಮ ಶಿಕ್ಷಕರ ನಡುವೆ ಸೇವಾ ಜ್ಯೇಷ್ಠತೆ ಎಂದರೆ ಪಟ್ಟಿಯಲ್ಲಿ ಯಾರು ಯಾರಿಗಿಂತ ಮೇಲಿದ್ದಾರೆ ಎಂಬ ಕ್ರಮ. ಕಾರ್ಖಾನೆಯಲ್ಲಿಯೂ ಆ ಅರ್ಥ ಉಂಟು. ಕೆಲಸಗಾರರನ್ನು ಕಡಿತಗೊಳಿಸುವಾಗ ಕೊನೆಗೆ ಸೇರಿದವರು ಮೊದಲು ಹೊರಹೋಗಬೇಕು ಎಂಬ ತತ್ತ್ವ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಜಿ ಕಲಮಿನಲ್ಲಿತ್ತು. ಕಡಿತಕ್ಕೆ ಕನಿಷ್ಠ ಏಳು ದಿನ ಮುಂಚೆ ಆಯಾ ವರ್ಗದ ಜ್ಯೇಷ್ಠತಾ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಅಂಟಿಸಬೇಕೆಂದು ಕೇಂದ್ರ ನಿಯಮಾವಳಿಯ 77ನೇ ನಿಯಮ ಹೇಳುತ್ತಿತ್ತು. ಆದರೆ ತಂತ್ರಾಂಶದಲ್ಲಿ ‘ಸೀನಿಯಾರಿಟಿ’ ಎಂಬ ಹೆಸರಿನಡಿ ನಡೆಯುವುದು ಹೆಚ್ಚಾಗಿ ಎರಡನೆಯ ಅರ್ಥದ ಕೆಲಸ. ಅದು ಒಬ್ಬ ವ್ಯಕ್ತಿ ಎಷ್ಟು ಕಾಲದಿಂದ ದುಡಿದಿದ್ದಾನೆಂಬ ಅಳತೆ. ಈ ಎರಡನ್ನೂ ಒಂದೇ ದಿನಾಂಕದಿಂದ ತೆಗೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಕಾರ್ಮಿಕನ ಕಡತದಲ್ಲಿ ಕನಿಷ್ಠ ಮೂರು ದಿನಾಂಕಗಳಿಗೆ ಜಾಗವಿರಬೇಕು. ಮೊದಲು ಬಂದು ಸೇರಿದ ದಿನ, ಕಾಯಂ ಆದ ದಿನ, ಹಾಗೂ ಸೇವಾವಧಿಯ ಲೆಕ್ಕ ಆರಂಭವಾಗುವ ದಿನ. ಕೆಲಸ ಬಿಟ್ಟು ಮರಳಿದವರಿಗೆ, ಇನ್ನೊಂದು ಘಟಕದಿಂದ ವರ್ಗವಾಗಿ ಬಂದವರಿಗೆ, ಮಾಲೀಕತ್ವ ಬದಲಾದ ಗಿರಣಿಯವರಿಗೆ ಇವು ಮೂರೂ ಬೇರೆಬೇರೆ ಇರಬಹುದು. ಸಣ್ಣ ಕಂಪನಿಗಳಲ್ಲಿ ಒಂದೇ ಅಂಕಣ ತುಂಬಿ ಕೈತೊಳೆದುಕೊಳ್ಳುತ್ತಾರೆ.

ತಂತ್ರಾಂಶ ಎಲ್ಲಿಂದ ಎಣಿಸುತ್ತದೆ

ನಮ್ಮ ಭಾಗದಲ್ಲಿ ಕಾಣುವ ತಂತ್ರಾಂಶಗಳಲ್ಲಿ ಕೆಲವು ಬೆರಳಚ್ಚು ಯಂತ್ರದ ಜೊತೆಗೇ ಬರುವ ಸಾಧಾರಣ ಬಗೆಯವು. ದೊಡ್ಡ ಕಂಪನಿಗಳು ಜೊಹೊ ಪೀಪಲ್, ಓಡೂ, ಫ್ರಾಪೆ ಎಚ್‌ಆರ್ ಮುಂತಾದವನ್ನು ಬಳಸುತ್ತವೆ. ಹೆಸರು ಯಾವುದಾದರೂ ಒಳಗಿನ ಕಟ್ಟೋಣ ಒಂದೇ. ಮೊದಲು ಪ್ರತಿದಿನಕ್ಕೊಂದು ಸಂಕೇತ: ಹಾಜರಿಗೆ ಪಿ, ಗೈರಿಗೆ ಎ, ವಾರದ ರಜೆಗೆ ಡಬ್ಲ್ಯುಓ, ರಾಷ್ಟ್ರೀಯ ರಜೆಗೆ ಎನ್‌ಎಚ್, ಸಂಬಳವಿಲ್ಲದ ರಜೆಗೆ ಎಲ್‌ಓಪಿ. ಬಳಿಕ ಆ ಸಂಕೇತಗಳಲ್ಲಿ ಯಾವುದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬ ನಿಯಮ. ಕೊನೆಗೆ ಸೇವಾವಧಿಯ ಹಂತಗಳು, ಅಂದರೆ ಇಷ್ಟು ವರ್ಷ ತುಂಬಿದವರಿಗೆ ಇಷ್ಟು ರಜೆ, ಇಷ್ಟು ತಡಕ್ಕೆ ಇಷ್ಟು ವಿನಾಯಿತಿ ಎಂಬ ಮೆಟ್ಟಿಲುಗಳು.

ಈ ಮೆಟ್ಟಿಲುಗಳನ್ನು ಎಲ್ಲಿಂದ ಎಣಿಸುತ್ತಾರೆಂಬುದನ್ನು ನೋಡಬೇಕು. ಓಡೂವಿನ ರಜೆ ಗಳಿಕೆಯ ಯೋಜನೆಯಲ್ಲಿ ಹಂತಗಳನ್ನು ‘ಮೈಲಿಗಲ್ಲು’ ಎನ್ನುತ್ತಾರೆ. ಅವುಗಳ ಎಣಿಕೆ ಸಾಗುವುದು ರಜೆ ಹಂಚಿಕೆ ಆರಂಭವಾದ ದಿನಾಂಕದಿಂದ. ಕಾರ್ಮಿಕ 2015ರಲ್ಲಿ ಸೇರಿ, ಕಂಪನಿ 2023ರಲ್ಲಿ ತಂತ್ರಾಂಶ ಹಾಕಿಸಿ, ಹಂಚಿಕೆಯನ್ನು 2023ರ ಜನವರಿ 1ರಿಂದ ಆರಂಭಿಸಿದರೆ, ಯಂತ್ರದ ಕಣ್ಣಿಗೆ ಅವನು ಹೊಸಬ. ಎಂಟು ವರ್ಷ ಹಾಗೆಯೇ ಮಾಯ. ಫ್ರಾಪೆ ಎಚ್‌ಆರ್‌ನಲ್ಲಿ ಪ್ರತಿ ರಜೆಯ ಬಗೆಗೂ ‘ಇಷ್ಟು ಕೆಲಸದ ದಿನಗಳ ನಂತರ ಅನ್ವಯ’ ಎಂಬ ಒಂದು ಅಂಕಣವಿದೆ. ಅಲ್ಲಿ 240 ಎಂದು ಬರೆದುಬಿಟ್ಟರೆ ಕಾನೂನು ಪಾಲಿಸಿದಂತಾಯಿತೆಂದು ಹಲವರು ಭಾವಿಸುತ್ತಾರೆ. ಕಾನೂನು ಅಷ್ಟು ಸರಳವಾಗಿಲ್ಲ.

240ರ ಒಳಗಿನ ಎರಡು ಎಣಿಕೆ

1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮು, ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಮರುವರ್ಷ ಪ್ರತಿ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳ ಸಹಿತ ರಜೆ ಕೊಡುತ್ತಿತ್ತು. ಈ 240ನ್ನು ತುಂಬಿಸುವಾಗ ಲೇ-ಆಫ್ ದಿನಗಳು, 12 ವಾರಗಳವರೆಗಿನ ಹೆರಿಗೆ ರಜೆ, ಹಿಂದಿನ ವರ್ಷ ಗಳಿಸಿ ಈ ವರ್ಷ ಬಳಸಿದ ರಜೆ ಇವೆಲ್ಲ ಕೆಲಸ ಮಾಡಿದ ದಿನಗಳೆಂದೇ ಗಣನೆ. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುವುದಿಲ್ಲ. ಅಂದರೆ ಅರ್ಹತೆಯ ಎಣಿಕೆ ಒಂದು, ಗಳಿಕೆಯ ಎಣಿಕೆ ಇನ್ನೊಂದು. ತಂತ್ರಾಂಶದಲ್ಲಿ ಎರಡು ಪ್ರತ್ಯೇಕ ಲೆಕ್ಕಗಳಿರಬೇಕು.

ಒಂದು ಉದಾಹರಣೆ ನೋಡೋಣ. 2024ರಲ್ಲಿ ಒಬ್ಬ ತಾಯಿ 170 ದಿನ ಕೆಲಸಕ್ಕೆ ಹೋಗಿದ್ದಾಳೆ, ಹೆರಿಗೆ ರಜೆಯನ್ನೂ ಪಡೆದಿದ್ದಾಳೆ. ಒಂದೇ ಎಣಿಕೆಯ ತಂತ್ರಾಂಶ 170 ಎಂದು ನೋಡಿ, 240 ಆಗಿಲ್ಲವೆಂದು ರಜೆ ಶೂನ್ಯ ಎನ್ನುತ್ತದೆ. ಸರಿಯಾದ ಲೆಕ್ಕದಲ್ಲಿ 170ಕ್ಕೆ 12 ವಾರಗಳ 84 ದಿನ ಸೇರಿ 254. ಅರ್ಹತೆ ದೊರೆಯಿತು. ರಜೆಯನ್ನು 170ರ ಮೇಲೆ ಮಾತ್ರ ಲೆಕ್ಕ ಹಾಕಬೇಕು. 20ರಿಂದ ಭಾಗಿಸಿದರೆ ಎಂಟೂವರೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ತಿ ದಿನವೆಂದು ಹಿಡಿಯಬೇಕೆಂದು ಕಾಯ್ದೆಯೇ ಹೇಳುವುದರಿಂದ ಒಂಬತ್ತು ದಿನ. ಶೂನ್ಯಕ್ಕೂ ಒಂಬತ್ತಕ್ಕೂ ನಡುವೆ ಇರುವುದು ಒಂದು ಆಯ್ಕೆಯ ಗುರುತು ಮಾತ್ರ. ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ಕೊಟ್ಟಿದ್ದೇನೆ, ಮಾಡುತ್ತಾರೆ.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ವಾರ್ಷಿಕ ರಜೆಯ ಅರ್ಹತೆ 240ರಿಂದ 180 ದಿನಗಳಿಗೆ ಇಳಿದಿದೆ. ಪ್ರತಿ 20 ದಿನಕ್ಕೆ ಒಂದು ಎಂಬ ಪ್ರಮಾಣ ಉಳಿದಿದೆ. ಹೀಗಾದಾಗ ಟೈಮ್ ಆಫೀಸಿನವರು ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯುವುದು ದೊಡ್ಡ ತಪ್ಪು. ನಿಯಮಕ್ಕೂ ಒಂದು ಜಾರಿ ದಿನಾಂಕವಿರಬೇಕು. ಹಳೆಯ ವರ್ಷವನ್ನು ಹಳೆಯ ನಿಯಮದಲ್ಲಿಯೇ ಓದಿಕೊಳ್ಳುವಂತೆ ಎರಡೂ ಸಾಲುಗಳನ್ನು ಉಳಿಸಿಡಬೇಕು. ಇಲ್ಲವಾದರೆ ಮೂರು ವರ್ಷದ ಹಿಂದಿನ ಬಾಕಿ ಕೇಳಿದಾಗ ಯಂತ್ರ ಅಂದು ಇಲ್ಲದ ಉತ್ತರ ಕೊಡುತ್ತದೆ.

ಗ್ರಾಚ್ಯುಟಿಯಲ್ಲಿ ತಲೆಕೆಳಗಾಗುವ ನಿಯಮ

ಗ್ರಾಚ್ಯುಟಿಯ ವಿಷಯವನ್ನು ಹೆಚ್ಚು ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿಯೇ ಹಣ ಹೆಚ್ಚು ನಷ್ಟವಾಗುತ್ತದೆ. 1972ರ ಕಾಯ್ದೆಯೂ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯೂ ಐದು ವರ್ಷಗಳ ನಿರಂತರ ಸೇವೆ ಕೇಳುತ್ತವೆ. ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಈ ಷರತ್ತಿಲ್ಲ. ಸಂಹಿತೆಯಡಿ ನಿಗದಿತ ಅವಧಿಯ ಒಪ್ಪಂದದವರಿಗೂ ಐದು ವರ್ಷದ ಷರತ್ತಿಲ್ಲ. ‘ನಿರಂತರ’ ಎಂಬ ಪದವನ್ನು ಕಾನೂನು ಎರಡು ಮೆಟ್ಟಿಲಲ್ಲಿ ವಿವರಿಸುತ್ತದೆ. ಮೊದಲ ಮೆಟ್ಟಿಲಿನಲ್ಲಿ, ಕಾಯಿಲೆ, ಅಪಘಾತ, ರಜೆ, ಲೇ-ಆಫ್, ಮುಷ್ಕರ, ಬೀಗಮುದ್ರೆ, ಕಾರ್ಮಿಕನ ತಪ್ಪಿಲ್ಲದೆ ಕೆಲಸ ನಿಂತದ್ದು ಇವುಗಳಿಂದ ಸೇವೆ ಮುರಿಯುವುದಿಲ್ಲ. ಅನುಮತಿಯಿಲ್ಲದ ಗೈರುಹಾಜರಿಯಿಂದ ಕೂಡ, ಅದನ್ನು ಸೇವಾಭಂಗವೆಂದು ಸ್ಥಾಯೀ ಆದೇಶಗಳ ಪ್ರಕಾರ ಆಜ್ಞೆ ಹೊರಡಿಸದ ಹೊರತು, ಸೇವೆ ಮುರಿಯುವುದಿಲ್ಲ. ಈ ಮೆಟ್ಟಿಲು ಹತ್ತಲಾಗದವರಿಗೆ ಮಾತ್ರ ಎರಡನೆಯದು: ವರ್ಷದಲ್ಲಿ 240 ದಿನ ದುಡಿದಿದ್ದರೆ, ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಘಟಕದಲ್ಲಿ 190 ದಿನ ದುಡಿದಿದ್ದರೆ, ಆ ವರ್ಷ ನಿರಂತರವೆಂದು ಭಾವಿಸಬೇಕು.

ಅಂದರೆ 240 ಎಂಬುದು ಕಾರ್ಮಿಕನಿಗೆ ಕೈಕೊಡಲು ಇಟ್ಟ ಊರುಗೋಲು. ತಂತ್ರಾಂಶದಲ್ಲಿ ಅದನ್ನೇ ಬಾಗಿಲ ಬೀಗವಾಗಿಸಿರುತ್ತಾರೆ. 240ಕ್ಕಿಂತ ಕಡಿಮೆಯಾದ ವರ್ಷವನ್ನು ಸೇವಾವಧಿಯಿಂದಲೇ ಕಳೆಯುವಂತೆ ನಿಯಮ ಬರೆದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿ ಒಂದು ನೂಲಿನ ಗಿರಣಿಗೆ 2018ರ ಜುಲೈ 2ರಂದು ಸೇರಿದಳು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದು ಗಿರಣಿ ನಿಂತಿತು. ಆ ದಿನಗಳೆಲ್ಲ ಅವಳ ಹೆಸರಿನ ಮುಂದೆ ‘ಎ’ ಎಂದು ಬಿದ್ದವು. ಅದೇ ವರ್ಷ ಆಗಸ್ಟ್ 3ರಿಂದ 2021ರ ಜನವರಿ 31ರವರೆಗೆ 26 ವಾರ ಹೆರಿಗೆ ರಜೆ. ಫೆಬ್ರವರಿ 1ರಂದು ಮರಳಿದಾಗ ಹಳೆಯ ಸಂಖ್ಯೆ ನಿಷ್ಕ್ರಿಯವಾಗಿತ್ತು. ಹೊಸ ಸಂಖ್ಯೆ ಕೊಟ್ಟು ಬೆರಳಚ್ಚು ತೆಗೆದುಕೊಂಡರು. ಅವಳಿಗೆ ಅದರಲ್ಲೇನೂ ಅನುಮಾನ ಬರಲಿಲ್ಲ. 2023ರ ಏಪ್ರಿಲ್ 15ರಂದು ಕೆಲಸ ಬಿಟ್ಟಾಗ ಗ್ರಾಚ್ಯುಟಿ ಇಲ್ಲವೆಂದರು: ಪರದೆಯ ಮೇಲಿದ್ದ ಸೇವೆ ಎರಡು ವರ್ಷ ಎರಡು ತಿಂಗಳು.

ನಾವು ಲೆಕ್ಕ ಬರೆದೆವು. ಮೊದಲ ದಿನದಿಂದ ಕೊನೆಯ ದಿನದವರೆಗೆ ನಾಲ್ಕು ವರ್ಷ ಒಂಬತ್ತೂವರೆ ತಿಂಗಳು. ಲಾಕ್‌ಡೌನ್ ಅವಳ ತಪ್ಪಲ್ಲ. ಹೆರಿಗೆ ರಜೆಯನ್ನು ಗ್ರಾಚ್ಯುಟಿಯ ಲೆಕ್ಕಕ್ಕೆ 26 ವಾರಗಳವರೆಗೆ ಸೇರಿಸಲು 2018ರಲ್ಲಿಯೇ ಅಧಿಸೂಚನೆಯಾಗಿದೆ. ಉಳಿದದ್ದು ಐದನೆಯ ವರ್ಷ. ಅದು 12 ತಿಂಗಳು ತುಂಬಿಲ್ಲ, ಆದರೆ ವಾರದ ರಜೆ ಬಿಟ್ಟು, ಸಂಬಳ ಸಹಿತ ಹಬ್ಬದ ರಜೆ ಸೇರಿ 243 ದಿನಗಳಾಗಿದ್ದವು. ಐದನೆಯ ವರ್ಷದಲ್ಲಿ 240 ದಿನ ತುಂಬಿದ್ದರೆ ಐದು ವರ್ಷವೆಂದೇ ಭಾವಿಸಬೇಕೆಂದು ಮದ್ರಾಸ್ ಹೈಕೋರ್ಟ್ 1998ರಲ್ಲಿ ಮೆಟ್ಟೂರ್ ಬಿಯರ್ಡ್‌ಸೆಲ್ ಪ್ರಕರಣದಲ್ಲಿ ಹೇಳಿದೆ. ಅವಳ ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ 9,880 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 5,700. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯುವುದರಿಂದ ಐದು ವರ್ಷಕ್ಕೆ 28,500 ರೂಪಾಯಿ. ಹಣ ಬಂತು, ತಡವಾಗಿ. ಅದನ್ನು ಕೊಡಿಸಿದ್ದು ನನ್ನ ವಾದವಲ್ಲ, ಎರಡೂ ಸಂಖ್ಯೆಗಳ ಕಾಲದಲ್ಲಿ ಬದಲಾಗದೆ ಉಳಿದಿದ್ದ ಅವಳ ಇಎಸ್‌ಐ ವಿಮಾ ಸಂಖ್ಯೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಗಮನಿಸಿ: ಒಂದೇ ಹೆರಿಗೆ ರಜೆ ಕಾರ್ಖಾನೆ ಕಾಯ್ದೆಯ ರಜೆ ಲೆಕ್ಕದಲ್ಲಿ 12 ವಾರವಾಗಿತ್ತು, ಗ್ರಾಚ್ಯುಟಿಯಲ್ಲಿ 26 ವಾರ. ಒಂದೇ ಸಂಕೇತ, ಎರಡು ಮಿತಿ. ಮಿತಿಯನ್ನು ಸಂಕೇತಕ್ಕೆ ಕಟ್ಟಿದರೆ ಒಂದಾದರೂ ತಪ್ಪುತ್ತದೆ. ಅದನ್ನು ಆಯಾ ಲೆಕ್ಕಕ್ಕೆ ಕಟ್ಟಬೇಕು.

480 ದಿನ, 24 ತಿಂಗಳು

ತಮಿಳುನಾಡಿನಲ್ಲಿ ಮಾತ್ರ ಇರುವ ಒಂದು ಕಾಯ್ದೆ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಅದು 1981ರ ಕೈಗಾರಿಕಾ ಸಂಸ್ಥೆಗಳ ಕಾರ್ಮಿಕರಿಗೆ ಕಾಯಂ ಸ್ಥಾನಮಾನ ನೀಡುವ ಕಾಯ್ದೆ. 24 ಕ್ಯಾಲೆಂಡರ್ ತಿಂಗಳುಗಳಲ್ಲಿ 480 ದಿನ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಕಾಯಂಗೊಳಿಸಬೇಕೆಂದು ಅದರ 3ನೇ ಕಲಮು ಹೇಳುತ್ತದೆ. 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಘಟಕಗಳಿಗೆ ಇದು ಅನ್ವಯಿಸದು. ಗಿರಣಿಗಳು ಇದರ ಸಿಂಧುತ್ವವನ್ನು ಪ್ರಶ್ನಿಸಿದ್ದವು; ನೆಲ್ಲೈ ಕಾಟನ್ ಮಿಲ್ಸ್ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಇಲ್ಲಿಯ 24 ತಿಂಗಳು ಜನವರಿಯಿಂದ ಡಿಸೆಂಬರ್‌ವರೆಗೆ ಕಟ್ಟಿಟ್ಟ ಎರಡು ವರ್ಷಗಳಲ್ಲ. ಪ್ರತಿ ತಿಂಗಳೂ ಹಿಂದಕ್ಕೆ ತಿರುಗಿ 24 ತಿಂಗಳು ನೋಡಬೇಕು. ಜನವರಿ 1ರಂದು ಎಣಿಕೆಯನ್ನು ಸೊನ್ನೆಗೆ ತರುವ ರಜೆಯ ಲೆಕ್ಕವನ್ನೇ ಇದಕ್ಕೂ ಬಳಸಿದರೆ ಯಾರೂ ಎಂದಿಗೂ 480 ಮುಟ್ಟುವುದಿಲ್ಲ, ಏಕೆಂದರೆ ವರ್ಷದಲ್ಲಿ ಇರುವುದೇ 365 ದಿನ! ನಗಬೇಡಿ, ಇಂಥ ವ್ಯವಸ್ಥೆ ಇದೆ. 480 ತುಂಬುವ ಹೊತ್ತಿಗೆ ಕೆಲವು ವಾರ ಮನೆಗೆ ಕಳಿಸಿ, ಹೊಸ ಸಂಖ್ಯೆಯಲ್ಲಿ ಮತ್ತೆ ಸೇರಿಸಿಕೊಳ್ಳುವ ಚಾಳಿಯೂ ಇದೆ. ಮೂರು ವರ್ಷದ ಕೊನೆಗೆ ಮದುವೆಗೆಂದು ಒಟ್ಟು ಮೊತ್ತ ಕೊಡುವ ಆಸೆ ತೋರಿಸಿ ಹುಡುಗಿಯರನ್ನು ಹಾಸ್ಟೆಲಿನಲ್ಲಿಟ್ಟು ದುಡಿಸಿದ ‘ಸುಮಂಗಲಿ’ ಪದ್ಧತಿ ಈ ಸೀಮೆಯದೇ. ಅಲ್ಲಿ ಅವರನ್ನು ತರಬೇತಿಯವರೆಂದು ಬರೆದುಕೊಳ್ಳುತ್ತಿದ್ದರು, ಹಾಜರಿಯಿದ್ದರೂ ಸೇವೆಯಿರಲಿಲ್ಲ.

ಸಣ್ಣ ಮಿತಿಗಳು

ಬೋನಸ್ಸಿಗೆ ವರ್ಷದಲ್ಲಿ 30 ಕೆಲಸದ ದಿನ ಸಾಕು. ಲೇ-ಆಫ್, ಸಂಬಳ ಸಹಿತ ರಜೆ, ಹೆರಿಗೆ ರಜೆ, ಕೆಲಸದಲ್ಲಾದ ಅಪಘಾತದ ಗೈರು ಎಲ್ಲವೂ ಸೇರುತ್ತವೆ. ಹೆರಿಗೆ ಸೌಲಭ್ಯಕ್ಕೆ ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ. ಇಎಸ್‌ಐಯಲ್ಲಿ ಲೆಕ್ಕ ಬೇರೆ: ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕಾಯಿಲೆಯ ಭತ್ಯೆಗೆ ಒಂದು ಅವಧಿಯಲ್ಲಿ 78 ದಿನ, ಹೆರಿಗೆಗೆ ಹಿಂದಿನ ಒಂದು ಅಥವಾ ಎರಡು ಅವಧಿಗಳಲ್ಲಿ 70 ದಿನ. ಏಪ್ರಿಲ್–ಸೆಪ್ಟೆಂಬರ್ ದುಡಿಮೆಯ ಫಲ ದೊರೆಯುವುದು ಮುಂದಿನ ಜನವರಿ–ಜೂನ್‌ನಲ್ಲಿ. ಆದುದರಿಂದ ಆಡಿ ಹಬ್ಬಕ್ಕೆಂದು ಊರಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುವವರು ಈ 78ನ್ನು ನೆನಪಿನಲ್ಲಿಡಬೇಕು.

ಭವಿಷ್ಯನಿಧಿಯ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಗ್ರಾಚ್ಯುಟಿಯ ಐದು ವರ್ಷ ಒಬ್ಬನೇ ಮಾಲೀಕನ ಬಳಿ ಆಗಬೇಕಾದರೆ, ಪಿಂಚಣಿಯ ಹತ್ತು ವರ್ಷವನ್ನು ಹತ್ತು ಕಂಪನಿಗಳಿಂದಲೂ ಕೂಡಿಸಬಹುದು. ಪ್ರತಿ ಕಂಪನಿ ಬಿಟ್ಟಾಗಲೂ ಹಣ ತೆಗೆದುಬಿಟ್ಟರೆ ಆ ಕೂಡಿಕೆ ಅಲ್ಲಿಗೇ ಕಡಿಯುತ್ತದೆ. ತಿರುಪ್ಪೂರಿನಲ್ಲಿ ಹಂಗಾಮಿಗೊಂದು ಕಂಪನಿ ಬದಲಿಸುವ ನಮ್ಮ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಯಾವ ದಿನ ದಿನವಾಗುತ್ತದೆ

ಭಾನುವಾರ ಎಣಿಕೆಗೆ ಸೇರುತ್ತದೆಯೆ? 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿದೆ. ಕೈಗಾರಿಕಾ ವಿವಾದ ಕಾಯ್ದೆಯ 240 ದಿನಗಳಲ್ಲಿ ಕಾರ್ಮಿಕ ನಿಜವಾಗಿ ಕೈಚಾಚಿ ದುಡಿದ ದಿನಗಳಷ್ಟೇ ಅಲ್ಲ, ಒಪ್ಪಂದದಿಂದಲೋ ಕಾನೂನಿನಿಂದಲೋ ಸಂಬಳ ಪಡೆದ ಭಾನುವಾರ ಮತ್ತು ರಜಾದಿನಗಳೂ ಸೇರುತ್ತವೆ. ತಮಿಳುನಾಡಿನ 1958ರ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ಐದು ಹಬ್ಬಗಳಿಗೆ ಸಂಬಳ ಸಹಿತ ರಜೆಯಿದೆ. ಈ ಒಂಬತ್ತು ದಿನಗಳಿಗಾದರೂ ಎನ್‌ಎಚ್ ಎಂದು ಬಿದ್ದು ಎಣಿಕೆಯಲ್ಲಿ ಸೇರಬೇಕು. (ಆ ಐದರಲ್ಲಿ ಯುಗಾದಿ ಸೇರಿದೆಯೇ ಎಂದು ನಮ್ಮ ಮನೆಗಳವರು ಕೇಳುವುದುಂಟು. ಪಟ್ಟಿ ತಯಾರಾಗುವ ಮೊದಲೇ ಕೇಳಬೇಕು, ಹಬ್ಬದ ಹಿಂದಿನ ದಿನವಲ್ಲ.)

ರಾತ್ರಿ ಪಾಳಿಯದು ಇನ್ನೊಂದು ತೊಡಕು. ರಾತ್ರಿ ಹತ್ತಕ್ಕೆ ಒಳಗೆ ಹೋಗಿ ಬೆಳಗ್ಗೆ ಆರಕ್ಕೆ ಹೊರಬಂದವನ ದುಡಿಮೆಯನ್ನು ಸಾಧಾರಣ ತಂತ್ರಾಂಶ ಮಧ್ಯರಾತ್ರಿಯಲ್ಲಿ ಕತ್ತರಿಸುತ್ತದೆ. ಮೊದಲ ದಿನ ಎರಡು ಗಂಟೆ ಮಾತ್ರ, ಆದುದರಿಂದ ಗೈರು. ಎರಡನೆಯ ದಿನ ಒಳಬಂದ ಗುರುತಿಲ್ಲ, ಆದುದರಿಂದ ಅದೂ ತಪ್ಪು. ಮಧ್ಯರಾತ್ರಿಯ ನಂತರ ದುಡಿದ ಗಂಟೆಗಳು ಹಿಂದಿನ ದಿನಕ್ಕೇ ಸೇರಬೇಕೆಂದು ಕಾರ್ಖಾನೆ ಕಾಯ್ದೆಯ 57ನೇ ಕಲಮು ಹೇಳಿತ್ತು. ತಂತ್ರಾಂಶದಲ್ಲಿ ಪಾಳಿಯ ದಿನವನ್ನು ಆರಂಭದ ದಿನಾಂಕಕ್ಕೆ ಕಟ್ಟುವ ಆಯ್ಕೆ ಇರುತ್ತದೆ. ಅದನ್ನು ಹುಡುಕಿ ಗುರುತು ಹಾಕಬೇಕು.

ಮೂರು ಸಲ ತಡವಾದರೆ ಅರ್ಧ ದಿನ ಕಡಿತ ಎಂಬುದು ಎಲ್ಲೆಲ್ಲೂ ಇರುವ ನಿಯಮ. ಹಳಬರಿಗೆ ಐದು ಸಲ, ಹೊಸಬರಿಗೆ ಎರಡೇ ಸಲ ಎಂದು ಸೇವಾವಧಿಯ ಮೇಲೆ ವಿನಾಯಿತಿಯ ಹಂತ ಮಾಡುವುದು ತಂತ್ರಾಂಶಗಳಲ್ಲಿ ಸುಲಭ. ಆದರೆ ಗೈರಿನ ಕಡಿತ ಗೈರಾದ ಕಾಲದ ಪ್ರಮಾಣವನ್ನು ಮೀರಬಾರದೆಂದು 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಮು ಹೇಳಿತ್ತು. ಮೂರು ಸಲ ಹತ್ತು ನಿಮಿಷ ಸೇರಿ ಅರ್ಧ ಗಂಟೆಯಾಗುತ್ತದೆ, ಅರ್ಧ ದಿನವಾಗುವುದಿಲ್ಲ. ಇನ್ನೂ ಕೆಟ್ಟದ್ದು, ಆ ದಂಡದ ಅರ್ಧ ದಿನವನ್ನು ಸೇವೆಯ ಎಣಿಕೆಯಿಂದಲೂ ಕಳೆಯುವುದು. ಸಂಬಳದ ಕಡಿತಕ್ಕೂ ಸೇವೆಯ ದಿನಕ್ಕೂ ನಡುವಿನ ಕೊಂಡಿಯನ್ನು ಬಿಡಿಸಿಡಬೇಕು.

ಸಾಬೀತು ಮಾಡುವ ಹೊಣೆ ಯಾರದು

ಯಂತ್ರ ತಪ್ಪಿದರೆ ಕಂಪನಿ ಉತ್ತರಿಸಲಿ ಎಂದುಕೊಂಡು ಕೂರುವಂತಿಲ್ಲ. ಕರ್ನಾಟಕದ ಅರಣ್ಯ ಇಲಾಖೆಯ ವಲಯ ಅಧಿಕಾರಿ ಮತ್ತು ಹಾದಿಮನಿ ಎಂಬ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, 240 ದಿನ ದುಡಿದೆನೆಂದು ಸಾಬೀತು ಮಾಡುವ ಹೊಣೆ ಕಾರ್ಮಿಕನದೇ, ಅವನ ಪ್ರಮಾಣಪತ್ರವೊಂದೇ ಸಾಲದು ಎಂದಿತು. 2005ರ ನವೆಂಬರಿನಲ್ಲಿ ಕರ್ನಾಟಕದ್ದೇ ಆದ ಯಲ್ಲಟ್ಟಿ ಪ್ರಕರಣದಲ್ಲಿ ತುಸು ದಾರಿ ತೆರೆಯಿತು: ಹೊಣೆ ಕಾರ್ಮಿಕನದೇ, ಆದರೆ ಅವನು ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಡಬಹುದು, ಮಾಲೀಕನ ಬಳಿಯಿರುವ ಹಾಜರಿ ದಾಖಲೆಗಳನ್ನು ತರಿಸಬೇಕೆಂದು ಕೇಳಬಹುದು. ಆ ಕಾರ್ಮಿಕ ಗೆದ್ದದ್ದರಲ್ಲಿ ಮೇಲಧಿಕಾರಿ ಬರೆದುಕೊಟ್ಟಿದ್ದ ಸೇವಾ ಪ್ರಮಾಣಪತ್ರದ ಪಾತ್ರ ದೊಡ್ಡದು.

ಹಾಗಾದರೆ ಕಾಗದದ ಹಾಜರಿ ಪುಸ್ತಕವೇ ಇಲ್ಲದ ಕಾಲದಲ್ಲಿ ಕಾರ್ಮಿಕನ ಬಳಿ ಏನಿದೆ? ಕಂಪನಿಯ ತಂತ್ರಾಂಶದ ಹೊರಗೆ ಎರಡು ಸಾಕ್ಷಿಗಳಿವೆ. ಇಎಸ್‌ಐಗೆ ಕಂಪನಿ ಪ್ರತಿ ತಿಂಗಳು ಸಲ್ಲಿಸುವ ಲೆಕ್ಕದಲ್ಲಿ ಎಷ್ಟು ದಿನಗಳಿಗೆ ಸಂಬಳ ಕೊಟ್ಟಿತೆಂದು ನಮೂದಾಗುತ್ತದೆ. ಭವಿಷ್ಯನಿಧಿಯ ತಿಂಗಳ ವಿವರಪಟ್ಟಿಯಲ್ಲಿ ವಂತಿಗೆಯಿಲ್ಲದ ದಿನಗಳು ‘ಎನ್‌ಸಿಪಿ’ ಎಂಬ ಅಂಕಣದಲ್ಲಿ ಬರುತ್ತವೆ. ಸಂಬಳದ ಚೀಟಿಯಲ್ಲಿ 25 ದಿನ, ಇಎಸ್‌ಐಯಲ್ಲಿ 19 ದಿನ ಎಂದಿದ್ದರೆ ಎಲ್ಲೋ ಕೈವಾಡವಿದೆ ಎಂದರ್ಥ. ಆರು ತಿಂಗಳಿಗೊಮ್ಮೆ ಇಂಟರ್ನೆಟ್ ಕೇಂದ್ರದಲ್ಲಿ ಎರಡನ್ನೂ ಮುದ್ರಿಸಿ, ಸಂಬಳದ ಚೀಟಿಗಳ ಜೊತೆ ಪಡಿತರ ಚೀಟಿಯ ಕವರಿನಲ್ಲೇ ಇಡಿ. ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲಿಯೇ ಪಾಳಿಯ ಗುರುತನ್ನೂ ಹಾಕಬಹುದು. ಆ ಕೆಲಸವನ್ನು ಮಕ್ಕಳಿಗೆ ವಹಿಸಿ.

ಟೈಮ್ ಆಫೀಸಿನಲ್ಲಿರುವ ನಮ್ಮ ಮಕ್ಕಳಿಗೆ

ನಿಯಮ ಬರೆದ ಮೇಲೆ ಅದನ್ನು ಎಲ್ಲ ಕಾರ್ಮಿಕರ ಮೇಲೂ ಓಡಿಸುವ ಮುನ್ನ ನಾಲ್ಕು ಜನರ ಕಡತದಲ್ಲಿ ಪರೀಕ್ಷಿಸಿ ನೋಡಿ. ಹೆರಿಗೆ ರಜೆಯಿಂದ ಮರಳಿದವಳು, ವರ್ಷದ ನಡುವೆ ಸೇರಿದವನು, ಸದಾ ರಾತ್ರಿ ಪಾಳಿಯವನು, ಬಿಟ್ಟು ಹೋಗಿ ಮತ್ತೆ ಬಂದವನು. ಇವರ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಪರದೆಯೊಂದಿಗೆ ಹೋಲಿಸಿ. ಮರಳಿ ಬಂದವರಿಗೆ ಹೊಸ ಸಂಖ್ಯೆ ಸೃಷ್ಟಿಸುವ ಮುನ್ನ ಯುಎಎನ್ ಅಥವಾ ವಿಮಾ ಸಂಖ್ಯೆಯಿಂದ ಹಳೆಯ ಕಡತ ಹುಡುಕಿ. ಹೆಸರಿನಿಂದ ಹುಡುಕಬೇಡಿ.

ಹೆಸರಿನ ವಿಷಯಕ್ಕೆ ಕಾರಣವಿದೆ. ನಮ್ಮ ಮನೆಯ ಹುಡುಗಿಯ ಹೆಸರು ಶಾಲಾ ದಾಖಲೆಯಲ್ಲಿ ಕನ್ನಡದಲ್ಲಿ ಒಂದು ಬಗೆ, ಆಧಾರಿನಲ್ಲಿ ತಮಿಳು ಉಚ್ಚಾರಕ್ಕೆ ಒಗ್ಗಿ ಇನ್ನೊಂದು ಬಗೆ, ಕಂಪನಿಯ ಇಂಗ್ಲಿಷಿನಲ್ಲಿ ಮುಂದೆ ಒಂದು ಇನಿಷಿಯಲ್ ಸೇರಿ ಮತ್ತೊಂದು ಬಗೆ. ಗಕಾರ ಕಕಾರವಾಗುತ್ತದೆ, ಭಕಾರ ಪಕಾರವಾಗುತ್ತದೆ. ಯಂತ್ರಕ್ಕೆ ಗೌರಿಯೂ ಕೌರಿಯೂ ಇಬ್ಬರು. ಸೇವೆ ಎರಡು ತುಂಡಾಗಲು ಅಷ್ಟು ಸಾಕು. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬರುವ ಮುನ್ನವೇ ಶಾಲೆಯ ದಾಖಲೆ, ಆಧಾರ್ ಎರಡರಲ್ಲೂ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಮಾಡಿಸಿಕೊಳ್ಳಿ ಎಂದು ನಾವು ಪೋಷಕರಲ್ಲಿ ಪ್ರತಿವರ್ಷ ಕೇಳಿಕೊಳ್ಳುವುದು ಇದಕ್ಕಾಗಿಯೇ.

ಇನ್ನು ಸೂಚನಾ ಫಲಕದ ಭಾಷೆ. ಸೂಚನೆಗಳು ಇಂಗ್ಲಿಷಿನಲ್ಲಿಯೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಕಾರ್ಖಾನೆ ಕಾಯ್ದೆಯ 108ನೇ ಕಲಮು ಹೇಳಿತ್ತು. ಇಲ್ಲಿ ನಾವು ಬಹುಪಾಲಲ್ಲ. ಕನ್ನಡದಲ್ಲಿ ಹಾಕಿರೆಂದು ಆ ಕಲಮಿನ ಆಧಾರದಲ್ಲಿ ಕೇಳಲಾಗದು. ತಾಳವಾಡಿಯಿಂದ ಬಂದ, ತಮಿಳು ಓದಲು ಇನ್ನೂ ತಡವರಿಸುವ ತಾಯಿಗೆ ರಜೆಯ ಪಟ್ಟಿಯನ್ನೂ ಜ್ಯೇಷ್ಠತಾ ಪಟ್ಟಿಯನ್ನೂ ಓದಿ ಹೇಳುವವರು ಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳು ಎರಡೂ ಲಿಪಿಗಳನ್ನು ಕಲಿಯುತ್ತಾರೆ. ಮೊಬೈಲಿನಲ್ಲಿ ಫಲಕದ ಚಿತ್ರ ತೆಗೆದು ತಂದರೆ ಸಂಜೆ ಮನೆಯಲ್ಲಿ ಓದಿಸಿಕೊಳ್ಳಬಹುದು. ತಿಳಿಯದ್ದನ್ನು ಶಾಲೆಗೆ ತನ್ನಿ, ಶನಿವಾರ ಮಧ್ಯಾಹ್ನ ಕುಳಿತು ನೋಡೋಣ.